ಹಲಗೆಯಲ್ಲಿ ಹಿಡಿಯದ ಹೆಸರು

ಮನೆಗೆ ಬಣ್ಣ ಹಚ್ಚುವವರು ಇವತ್ತು ಟರ್ಪಂಟೈನ್ ಡಬ್ಬಿ ತೆರೆದರು. ಆ ವಾಸನೆಗೆ ನನಗೆ ಸಿಟ್ಟೇ ಬಂತು.

ಅಪ್ಪ ರಾಯಚೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಬೇಸಿಗೆ ರಜೆಯಲ್ಲೊಮ್ಮೆ ದೇವದುರ್ಗದ ಬಟ್ಟೆ ಅಂಗಡಿಯ ಕೆಲಸಕ್ಕೆ ನನ್ನನ್ನೂ ಕರೆದುಕೊಂಡು ಹೋದ. ಹಲಗೆಯ ಉದ್ದ ಅಳೆದು, ಅಂಚು ಕಳೆದು, ಅಕ್ಷರ ಎಣಿಸಿ, ನಡುವಿನ ಸಂದುಗಳಿಗೆ ಜಾಗ ಬಿಟ್ಟು, ಉಳಿದದ್ದನ್ನು ಭಾಗಿಸಿ ಸೀಮೆಸುಣ್ಣದಲ್ಲಿ ಗೆರೆ ಹಾಕಿದ. ಒತ್ತಕ್ಷರಗಳಿಗೆ ಕೆಳಗೆ ಬೇರೆಯೇ ಲೆಕ್ಕ.

ಅರ್ಧ ಹೆಸರು ಬರೆದಾಗ ಅಂಗಡಿ ಮಾಲೀಕರು ಬಂದು, "ಮಗನ ಹೆಸರೂ ಸೇರಸ್ರಿ" ಎಂದರು. ಅಪ್ಪ ಟರ್ಪಂಟೈನ್ ಹಚ್ಚಿ ಎಲ್ಲವನ್ನೂ ಒರೆಸಿ, ಮೊದಲಿನಿಂದ ಭಾಗಿಸಿದ. ಊಟದ ಹೊತ್ತಿಗೆ, "ಉರ್ದುದಾಗೂ ಇರಲಿ" ಎಂದರು. ಮತ್ತೆ ಒರೆಸಿದ.

ಸಂಜೆ ಅವರು ದೂರ ನಿಂತು ನೋಡಿ, "ಅಕ್ಷರ ಭಾಳ ಸಣ್ಣ ಆಗ್ಯಾವಲ್ರೀ" ಎಂದರು.

"ಹಲಗಿ ಅಷ್ಟೇ ಅದರೀ, ಸಾಹುಕಾರ್ರ." ಅಪ್ಪ ಹಲಗೆಯ ಎರಡೂ ಅಂಚು ಮುಟ್ಟಿ ತೋರಿಸಿದ.

"ಹಂಗಾದ್ರ ಮೊದಲ ಇದ್ದಂಗ ಮಾಡ್ರಿ."

ಅಪ್ಪ ಮತ್ತೆ ಒರೆಸಿದ, ಮತ್ತೆ ಬರೆದ. ರಾಯಚೂರಿನಲ್ಲಿ ಬಸ್ಸಿನಿಂದ ಇಳಿಯುವಾಗ, "ನನ್ನ ಲೆಕ್ಕ ತಪ್ಪಿದ್ದಿಲ್ಲವ್ವಾ" ಎಂದ.

ಆಫೀಸಿನಲ್ಲಿ ಲೆಕ್ಕ ಮುಗಿದ ಮೇಲೆ ಯಾರಾದರೂ "ಇದೊಂದು ಸೇರಿಸಿಬಿಡಿ" ಎಂದರೆ ಈಗಲೂ ನನ್ನ ಮೈ ಉರಿಯುತ್ತದೆ.