ಮಗ್ಗದ ಗುಂಡಿಯ ಕುಂಬಳಕಾಯಿಗಳು

ಬೆಂದ ಸಿಹಿಗುಂಬಳಕ್ಕೆ ಕಳಿತ ಬಾಳೆಹಣ್ಣು ಹಿಸುಕಿ, ಬೆಲ್ಲ ಸೇರಿಸಿ ಕಾವಿಗೆ ಇಟ್ಟರೆ ಒಂದು ವಾಸನೆ ಏಳುತ್ತದೆ. ಮೊದಲು ಬಾಳೆಹಣ್ಣಿನದು, ಆಮೇಲೆ ಅಂಚಿನಲ್ಲಿ ಬೆಲ್ಲ ಕರಗಿ ಒಂಚೂರು ಸೀದದ್ದು, ಎಲ್ಲಕ್ಕಿಂತ ಕೊನೆಗೆ ಕುಂಬಳಕಾಯಿಯದು. ಕಳೆದ ಭಾನುವಾರ ಹಿಂದೂಪುರದ ನಮ್ಮ ಅಡುಗೆಮನೆಯಲ್ಲಿ ಆ ವಾಸನೆ ಎದ್ದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಮಗಳು ಫೋನಿನಲ್ಲಿ ನೋಡಿಕೊಂಡು ಮಫಿನ್ ಮಾಡುತ್ತಿದ್ದಳು. ಪುಟ್ಟ ಓವನ್ನಿನ ಗಾಜಿನ ಹಿಂದೆ, ಕಾಗದದ ಬಟ್ಟಲುಗಳಲ್ಲಿ ಹಿಟ್ಟು ಉಬ್ಬಿ ನೆತ್ತಿ ಬಿರಿಯುತ್ತಿತ್ತು. ನಾನು ನಲ್ಲಿ ನಿಲ್ಲಿಸಿ ಒದ್ದೆ ಕೈಯಲ್ಲೇ ನಿಂತುಬಿಟ್ಟೆ. "ಯಾಕಮ್ಮ, ಸೀದೋಯ್ತಾ?" ಎಂದಳು. ಇಲ್ಲವೆಂದೆ. ಕುಂಬಳಕಾಯಿ ಕೊಯ್ದವರು ಯಾರು ಎಂದು ಕೇಳಿದೆ. "ಅಂಗಡಿಯೋನು. ಹೋಳೇ ಕೊಟ್ಟ. ಇಡೀದು ತಂದು ಯಾರಮ್ಮ ತಿಂತಾರೆ?" ಎಂದು ನಕ್ಕಳು. ಆ ಪ್ರಶ್ನೆ ನನ್ನ ಬಾಯಿಗೆ ಯಾಕೆ ಬಂತೆಂದು ಅವಳಿಗೆ ಗೊತ್ತಾಗುವಂತಿರಲಿಲ್ಲ. ಹೇಳಲು ನನಗೂ ಆಗ ಆಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಕಲ್ಯಾಣದುರ್ಗದಲ್ಲಿ ನನ್ನ ಅಮ್ಮನ ತವರುಮನೆ ನೇಯ್ಗೆಯವರ ಮನೆ. ಬಾಗಿಲು ದಾಟಿದರೆ ಎದುರಿಗೇ ಮಗ್ಗ, ಅದರ ಕೆಳಗೆ ನೇಯುವವರು ಕಾಲು ಇಳಿಬಿಡಲು ನೆಲದಲ್ಲಿ ತೋಡಿದ ಗುಂಡಿ. ಮಗ್ಗದ ಮೇಲೆ ಕೂರುತ್ತಿದ್ದವನು ಅಮ್ಮನ ತಮ್ಮ, ರಾಮಾಂಜಿ ಮಾವ. ಗೋಡೆಗೆ ಒರಗಿ ರಾಟೆ ತಿರುಗಿಸುತ್ತ ನೂಲು ಸುತ್ತಿಕೊಡುತ್ತಿದ್ದವಳು ಅವನ ಹೆಂಡತಿ ಸರೋಜತ್ತೆ. ಒಲೆಯ ಮುಂದೆ ಅಜ್ಜಿ. ಮಾವ-ಅತ್ತೆಗೆ ಮಕ್ಕಳಿರಲಿಲ್ಲ, ಬೇಸಿಗೆ ರಜೆಗೆ ಹೋಗುತ್ತಿದ್ದ ನಾನೇ ಆ ಮನೆಯ ಮಗು. ಹಿತ್ತಲಿನ ಸೂರಿನ ಮೇಲೆ ಮಾವ ಪ್ರತಿವರ್ಷ ಕುಂಬಳದ ಬಳ್ಳಿ ಹಬ್ಬಿಸುತ್ತಿದ್ದ. ನಾನು ಹೋದ ವಾರದೊಳಗೆ ಅಜ್ಜಿ ಬಟ್ಟಲುರೊಟ್ಟಿ ಮಾಡಲೇಬೇಕು. ಆ ಹೆಸರು ನಮ್ಮ ಮನೆಯದು, ಬೇರೆಲ್ಲೂ ನಾನು ಕೇಳಿಲ್ಲ. ಕುಂಬಳಕಾಯಿ ತುರಿ, ಬಾಳೆಹಣ್ಣು, ಬೆಲ್ಲ, ಗೋಧಿಹಿಟ್ಟು ಕಲಸಿ, ತುಪ್ಪ ಸವರಿದ ಸಣ್ಣ ಹಿತ್ತಾಳೆ ಬಟ್ಟಲುಗಳಲ್ಲಿ ತುಂಬಿ, ಮರಳು ಹಾಸಿದ ದಪ್ಪ ಪಾತ್ರೆಯಲ್ಲಿ ಇಟ್ಟು, ಮುಚ್ಚಳದ ಮೇಲೂ ಹುಣಸೆಕಟ್ಟಿಗೆಯ ಕೆಂಡ ಹರಡುವಳು. ಓವನ್ ಎಂಬ ಮಾತು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಿಮ್ಮ ಮನೆಗಳಲ್ಲೂ ಈ ರೂಢಿ ಇದ್ದಿರಬಹುದು: ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕುವಂತಿಲ್ಲ. ಗಂಡಸು ಒಂದು ಗೀರು ಹಾಕಿಕೊಟ್ಟರೆ ಸಾಕು, ಆಮೇಲೆ ಹೆಂಗಸರು ಹೆಚ್ಚಿಕೊಳ್ಳಬಹುದು. ಗಂಡಸಿಲ್ಲದ ಮನೆಯವರು ಪಕ್ಕದ ಮನೆಯವನನ್ನು ಕರೆಯುತ್ತಾರೆ. ನಮ್ಮಲ್ಲಿ ಅದು ಮಾವನ ಕೆಲಸ. ಲಾಳಿ ಬದಿಗಿಟ್ಟು, ಗುಂಡಿಯಿಂದ ಕಾಲೆತ್ತಿ ಬಂದು, ಕಾಯಿಯ ಮೇಲೆ ಬಾಗಿಲು ತಟ್ಟಿದಂತೆ ತಟ್ಟುತ್ತಿದ್ದ. "ಒಳಗೆ ಯಾರವ್ರೆ ಕೇಳಮ್ಮಿ" ಎಂದು ನನ್ನ ಕಿವಿಯನ್ನು ಅದಕ್ಕೆ ಒತ್ತಿಸುವನು. "ಯಾರೂ ಮಾತಾಡ್ತಿಲ್ಲ" ಎಂದರೆ, "ನಿಮ್ಮತ್ತೆ ಥರಾನೇ, ಮುನಿಸ್ಕೊಂಡವ್ರೆ" ಎನ್ನುವನು. ಸರೋಜತ್ತೆ ರಾಟೆಯಿಂದ ತಲೆ ಎತ್ತದೆ, "ಬೇಗ ಕೊಯ್ದು ಹೋಗಿ ನೇಯ್ರಿ, ಪುರಾಣ ಸಾಕು" ಎನ್ನುವಳು. ಅವಳ ತುಟಿ ಮಾತ್ರ ನಗುತ್ತಿರುತ್ತಿತ್ತು.

ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಮಾವ ನೇಯ್ದ ಸೀರೆಗಳನ್ನು ಕೊಡಲು ಹಿಂದೂಪುರಕ್ಕೆ ಬಂದ. ನಮ್ಮ ಮನೆಯಲ್ಲಿ ಊಟ ಮಾಡಿ ಸಾಯಂಕಾಲದ ಬಸ್ಸಿಗೆ ಹೊರಟ. ಅಪ್ಪನ ಜೊತೆ ನಾನೂ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅವನು ಬಸ್ಸು ಹತ್ತಿದ್ದನ್ನು, ಕಿಟಕಿಯ ಪಕ್ಕ ಕೂತು ಖಾಲಿ ಚೀಲವನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡದ್ದನ್ನು ನಾನು ಕಂಡಿದ್ದೇನೆ. ನಾನು ಖಚಿತವಾಗಿ ಹೇಳಬಲ್ಲದ್ದು ಅಷ್ಟು ಮಾತ್ರ. ದಾರಿಯಲ್ಲಿ ಪೆನುಕೊಂಡದಲ್ಲಿ ಟೀ ಕುಡಿಯಲು ಇಳಿದವನು ಮತ್ತೆ ಹತ್ತಲಿಲ್ಲ ಎಂದು ಕಂಡಕ್ಟರ್ ಆಮೇಲೆ ಹೇಳಿದನಂತೆ. ಅಪ್ಪ ಪೊಲೀಸ್ ಸ್ಟೇಷನ್ನುಗಳಿಗೆ ಅಲೆದ, ಆಸ್ಪತ್ರೆಗಳಿಗೆ ಅಲೆದ. ಮಾವನಿಗೆ ಜಗಳವಿರಲಿಲ್ಲ, ಕುಡಿತವಿರಲಿಲ್ಲ, ಕಾಯಿಲೆ ಇರಲಿಲ್ಲ. ಏನಾಯಿತೆಂದು ನಮಗೆ ಇಂದಿಗೂ ತಿಳಿದಿಲ್ಲ.

ಆ ಬೇಸಿಗೆಗೆ ನಾನೂ ಅಮ್ಮನೂ ಕಲ್ಯಾಣದುರ್ಗಕ್ಕೆ ಹೋದಾಗ ಮಗ್ಗ ನಿಂತಿತ್ತು. ಅರ್ಧ ನೇಯ್ದ ಸೀರೆಯ ಮೇಲೆ ಹಳೆಯ ಪಂಚೆ ಹೊದಿಸಿದ್ದರು. ಮನೆಯಲ್ಲಿ ಸದ್ದೇ ಇರಲಿಲ್ಲ. ಲಾಳಿಯ ಟಕಟಕಕ್ಕೆ ಹೊಂದಿದ್ದ ನನ್ನ ಕಿವಿಗೆ ಅದು ಬೇರೆ ಯಾರದೋ ಮನೆ ಅನ್ನಿಸಿತು. ಮಾವ ಹಬ್ಬಿಸಿದ್ದ ಬಳ್ಳಿ ಅವನು ಹೋದ ಮೇಲೂ ಕಾಯಿ ಬಿಟ್ಟಿತ್ತು. ತಂಪಾಗಿರಲಿ ಎಂದು ಅಜ್ಜಿ ಅವನ್ನು ಮಗ್ಗದ ಗುಂಡಿಯಲ್ಲಿ, ಅವನು ಕಾಲಿಡುತ್ತಿದ್ದ ಜಾಗದಲ್ಲಿ ಸಾಲಾಗಿ ಇಳಿಸಿದ್ದಳು. ಒಂದನ್ನೂ ಕೊಯ್ದಿರಲಿಲ್ಲ. ಹೊರಗಿನವನನ್ನು ಕರೆದು ಕತ್ತಿ ಕೊಟ್ಟರೆ ಈ ಮನೆಯಲ್ಲಿ ಗಂಡಸಿಲ್ಲವೆಂದು ನಾವೇ ಹೇಳಿದ ಹಾಗೆ ಎಂಬುದು ಅಜ್ಜಿಯ ಲೆಕ್ಕ. ಪಕ್ಕದ ಮನೆಯ ಓಬುಳಪ್ಪ ಒಂದು ಬೆಳಿಗ್ಗೆ ಹೊಸಲಿನ ಆಚೆ ನಿಂತು, "ಏನಕ್ಕಾ, ಕಾಯಿಗಳಿಗೆ ಗಂಡು ನೋಡ್ತಾ ಇದೀಯಾ? ಬಿಡು, ನಾನೊಂದು ಗೀರು ಹಾಕ್ಕೊಟ್ಟು ಹೋಯ್ತೀನಿ" ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ತಮಾಷೆ ಮಾಡಿದರೆ ಸುಲಭವಾದೀತು ಎಂದುಕೊಂಡಿದ್ದ. "ನಿನ್ ಕೈಗೆ ಕತ್ತಿ ಕೊಟ್ರೆ ಅರ್ಧ ನಿನ್ ಮನೇಗೇ ಹೋಯ್ತದೆ ಕಣಪ್ಪ" ಎಂದ ಅಜ್ಜಿ, ಮಗ್ಗದ ಕಡೆ ತಿರುಗಿ, "ನಮ್ಮನೇಲಿ ಗಂಡಸವ್ನೆ. ವಸ್ತಾಡು" ಎಂದಳು. ಬರುತ್ತಾನೆ ಎಂಬುದನ್ನು ಅವಳು ಯಾವಾಗಲೂ ತೆಲುಗಿನಲ್ಲೇ ಹೇಳುತ್ತಿದ್ದಳು. ಓಬುಳಪ್ಪ ತಲೆಯಾಡಿಸಿ ಹೊರಟುಹೋದ.

ಸರೋಜತ್ತೆ ಇದನ್ನೆಲ್ಲ ಕೇಳುತ್ತ ಕಂಬದ ಹತ್ತಿರ ನಿಂತಿದ್ದಳು. ಆಮೇಲೆ ಗುಂಡಿಗೆ ಇಳಿದು ಕಾಯಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಒಂದರ ತೊಟ್ಟಿನ ಬುಡ ಮೆತ್ತಗಾಗಿತ್ತು. ಅದನ್ನು ಎದೆಗೆ ಅವಚಿಕೊಂಡು ಮೇಲೆ ಬಂದು, ನೆಲದ ಮೇಲಿಟ್ಟು, ಗೋಡೆಯ ಗೂಡಿನಲ್ಲಿದ್ದ ಮಚ್ಚು ತೆಗೆದುಕೊಂಡಳು. ಅಮ್ಮ "ಸರೋಜಾ" ಎಂದಳು, ಅಷ್ಟೇ. ಮಚ್ಚು ಒಂದೇ ಏಟಿಗೆ ಪೂರ್ತಿ ಇಳಿಯಲಿಲ್ಲ. ಅತ್ತೆ ಅದನ್ನು ಹಿಂದೆಮುಂದೆ ಆಡಿಸಿ ಒತ್ತಿದಳು, ಕಾಯಿ ಕರ್ರೆಂದು ಬಿಚ್ಚಿತು. ಒಳಗಿನ ಕೇಸರಿ ಬಣ್ಣ ಆ ಮಸುಕು ಕೋಣೆಯಲ್ಲಿ ದೀಪ ಹಚ್ಚಿದ ಹಾಗಿತ್ತು.

"ಏನ್ ಮಾಡ್ಬುಟ್ಟೆ ಕಣೇ" ಎಂದಳು ಅಜ್ಜಿ. ದನಿ ಏರಿಸಲಿಲ್ಲ.

"ಕೊಳೀತಾ ಇತ್ತು ಅತ್ತಮ್ಮಾ. ಅವ್ರು ಬಂದ್ರೆ ಕೊಯ್ಯಾಕೆ ಇನ್ನೂ ಅವೆ. ಇದೊಂದು ನಂದು."

ಅಜ್ಜಿ ಕೂತ ಮಣೆಯಿಂದ ಏಳಲಿಲ್ಲ. ಅತ್ತೆ ಮಚ್ಚು ಕೆಳಗಿಡಲಿಲ್ಲ. ಇಬ್ಬರಲ್ಲಿ ಯಾರು ಮೊದಲು ಎದ್ದು ಹೋದರೂ ಆ ಮನೆ ಎರಡಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಅತ್ತೆ ಚಮಚದಿಂದ ಬೀಜ ತೆಗೆಯತೊಡಗಿದಳು. ಒತ್ತಿ ಕೆರೆಯುತ್ತಿದ್ದುದರಿಂದ ಚಮಚ ತಿರುಳಿನ ಆಳಕ್ಕೆ ಹೋಗುತ್ತಿತ್ತು. ಅಜ್ಜಿ ನೋಡುತ್ತ ಕೂತಿದ್ದವಳು ಮಣೆಯನ್ನು ಸರಿಸಿಕೊಂಡು ಹತ್ತಿರ ಬಂದು, ಇನ್ನೊಂದು ಹೋಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಹಂಗೆ ಕೆರೀಬ್ಯಾಡ. ರುಚಿ ಎಲ್ಲಾ ಅಲ್ಲೇ ಇರೋದು" ಎಂದಳು.

ಅವತ್ತು ಮಧ್ಯಾಹ್ನ ಬಟ್ಟಲುರೊಟ್ಟಿ ಆಯಿತು. ಅಮ್ಮ ಹಿಂದೂಪುರದಿಂದ ತಂದ ಬಾಳೆಹಣ್ಣು ಬಸ್ಸಿನಲ್ಲಿ ನುಜ್ಜಾಗಿತ್ತು, ಅದೇ ಒಳ್ಳೆಯದಾಯಿತು. ಅಜ್ಜಿ ಮುಚ್ಚಳದ ಮೇಲೆ ಕೆಂಡ ಹರಡಿದಳು, ಅತ್ತೆ ಊದಿದಳು. ಬಟ್ಟಲು ಬೋರಲು ಹಾಕಿದಾಗ ಅಂಚು ಕೆಂಪಾಗಿ, ನಡುವೆ ಮೆತ್ತಗಿದ್ದ ರೊಟ್ಟಿಗಳು ಒಂದೊಂದಾಗಿ ಬಿದ್ದವು. ಯಾರೂ ಮಾವನ ಹೆಸರು ಎತ್ತಲಿಲ್ಲ. ಅತ್ತೆ ಎರಡು ತಿಂದಳು. ಅವನು ಹೋದ ಮೇಲೆ ಅವಳು ಏನನ್ನಾದರೂ ಕೇಳಿ ಹಾಕಿಸಿಕೊಂಡು ತಿಂದದ್ದು ಅದೇ ಮೊದಲು ಎಂದು ಅಜ್ಜಿ ಅಮ್ಮನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಈಗ ಆ ಮನೆ ಇಲ್ಲ. ಅಜ್ಜಿ ಹೋದಳು, ಎಷ್ಟೋ ವರ್ಷಗಳ ನಂತರ ಅತ್ತೆಯೂ ಹೋದಳು, ಹಣೆಯ ಕುಂಕುಮ ಅಳಿಸದೆಯೇ. ಮಗ್ಗದ ಗುಂಡಿಗೆ ಮಣ್ಣು ತುಂಬಿ ಮೇಲೆ ಟೈಲ್ಸ್ ಹಾಕಿದ್ದಾರೆ; ಅಲ್ಲೊಂದು ಮೊಬೈಲ್ ಅಂಗಡಿ ಇದೆ.

ಉಳಿದ ಕಾಯಿಗಳನ್ನು ಅತ್ತೆ ಒಟ್ಟಿಗೆ ಕೊಯ್ಯಲಿಲ್ಲ. ಒಂದೊಂದು ಮೆತ್ತಗಾಗುವ ತನಕ ಕಾದು, ಇನ್ನು ತಡೆಯಲಾರದು ಎನ್ನುವಾಗ ಅದೊಂದನ್ನೇ ಕೊಯ್ಯುತ್ತಿದ್ದಳಂತೆ. ಇದು ನಾನು ಕಂಡದ್ದಲ್ಲ, ಅಮ್ಮ ಹೇಳಿದ್ದು. ಕೊನೆಯ ಕಾಯಿ ಮಳೆಗಾಲ ದಾಟಿಯೂ ಗಟ್ಟಿಯಾಗಿಯೇ ಇತ್ತಂತೆ. ಅದನ್ನು ಕೊಯ್ಯೆಂದು ಅತ್ತೆಗೆ ಯಾರೂ ಹೇಳಲಿಲ್ಲ. ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ಅಜ್ಜಿಯೇ ಅದನ್ನು ಗುಂಡಿಯಿಂದ ಎತ್ತಿಸಿ, ನೆಲದ ಮೇಲಿಟ್ಟು, ಉರುಳದಿರಲಿ ಎಂದು ಎರಡೂ ಕೈಯಿಂದ ಹಿಡಿದುಕೊಂಡು, ಸೊಸೆ ಮಚ್ಚು ತರುವುದನ್ನು ಕಾಯುತ್ತ ಕೂತಳಂತೆ.