ಪೂಜೆಗಿಟ್ಟ ಪುಸ್ತಕ

ಕಷ್ಟದಲ್ಲಿರುವ ಮಕ್ಕಳ ಕಾದಂಬರಿಗಳೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಲ್ಲಿ ಅಮೆರಿಕದ ಲೈಬ್ರರಿಗಳಲ್ಲಿ ಅವಕ್ಕೆಂದೇ ಒಂದು ಗೋಡೆ ಇರುತ್ತದೆ. ಅಪ್ಪ ಕುಡುಕ, ಅಮ್ಮ ಬಿಟ್ಟುಹೋದವಳು, ಹುಡುಗಿ ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಒಬ್ಬ ಗೆಳತಿ ಸಿಗುತ್ತಾಳೆ, ಧೈರ್ಯ ಬರುತ್ತದೆ, ಇನ್ನೂರು ಪುಟ ದಾಟುವಷ್ಟರಲ್ಲಿ ಎಲ್ಲ ಸರಿಹೋಗುತ್ತದೆ. ಕೊನೆಯ ಅಧ್ಯಾಯದಲ್ಲಿ ಯಾರಾದರೂ ದೊಡ್ಡವರು ಬಂದು ಮಗುವನ್ನು ತಬ್ಬಿಕೊಂಡು, ನನಗೆ ಮೊದಲೇ ಗೊತ್ತಾಗಬೇಕಿತ್ತು ಅನ್ನುತ್ತಾರೆ. ಎಲ್ಲಿರುತ್ತಾರಪ್ಪಾ ಇಂಥ ದೊಡ್ಡವರು? ನಾನಂತೂ ಅಂಥವಳಲ್ಲ.

2020ರಲ್ಲಿ ನನ್ನ ಮಗಳಿಗೆ ಹನ್ನೊಂದು ವರ್ಷ. ನಾವು ಪೋರ್ಟರ್ ರ್ಯಾಂಚ್‌ನ ಗುಡ್ಡದ ಮೇಲಿನ ಹೊಸ ಮನೆಗೆ ಬಂದು ಒಂದು ವರ್ಷ ಆಗಿತ್ತೋ ಇಲ್ಲವೋ, ಶಾಲೆ ಮುಚ್ಚಿ ಎಲ್ಲವೂ ಲ್ಯಾಪ್‌ಟಾಪಿಗೆ ಬಂತು. ಅವಳು ಮೊದಲೇ ಮಾತು ಕಡಿಮೆ. ಈಗ ಟೀಚರ್ ಹೆಸರು ಕರೆದರೆ ಸಾಕು, ಕ್ಯಾಮೆರಾ ಆಫ್ ಮಾಡಿ ಅಳುತ್ತಾ ಕೂರುತ್ತಿದ್ದಳು. ನಾನು ಪಕ್ಕದ ರೂಮಿನಲ್ಲಿ ಆಫೀಸಿನ ಮೀಟಿಂಗಿನಲ್ಲಿ. ಬೆಂಗಳೂರಿನಿಂದ ಬಂದಿದ್ದ ನನ್ನ ಅತ್ತೆ ಫ್ಲೈಟ್ ಇಲ್ಲದೆ ನಮ್ಮಲ್ಲೇ ಉಳಿದುಬಿಟ್ಟಿದ್ದರು. ಅವರಿಗೆ ಶುಗರೂ ಇತ್ತು, ಬಿಪಿಯೂ ಇತ್ತು. ಕೊರೋನಾ ಭಯಕ್ಕೆ ಮನೆಯೊಳಗೆ ಒಂದು ನೊಣ ಬರುವುದಕ್ಕೂ ನಾನು ಬಿಡುತ್ತಿರಲಿಲ್ಲ.

ಮಗಳಿಗಿದ್ದದ್ದು ಒಬ್ಬಳೇ ಗೆಳತಿ, ಅದೇ ಬೀದಿಯಲ್ಲಿ ನಾಲ್ಕು ಮನೆ ಕೆಳಗೆ. ಅಮೆರಿಕದವರದೇ ಮಗು, ಆದರೆ ನನ್ನನ್ನು ‘ಆಂಟಿ’ ಅನ್ನುವುದನ್ನು ಮಗಳು ಕಲಿಸಿದ್ದಳು. ಅವಳ ಅಪ್ಪನಿಗೆ ಸ್ಯಾನ್ ಪೀಡ್ರೊ ಬಂದರಿನಲ್ಲಿ ಕೆಲಸ. ಆತ ಮನೆಗೆ ಬಂದನೆಂದರೆ ಕೂಗಾಟ ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ನಾವು ಕಿಟಕಿ ಹಾಕಿಕೊಳ್ಳುತ್ತಿದ್ದೆವು. ಊರಿನಲ್ಲಾಗಿದ್ದರೆ ಯಾರಾದರೂ ಹೋಗಿ ಬಾಗಿಲು ಬಡಿಯುತ್ತಿದ್ದರು. ಇಲ್ಲಿ ನಾವೆಲ್ಲ ಸಭ್ಯರು, ಇನ್ನೊಬ್ಬರ ಮನೆಯ ವಿಷಯಕ್ಕೆ ತಲೆ ಹಾಕುವುದಿಲ್ಲ.

ಇಬ್ಬರಿಗೂ ಫೋನ್ ಇರಲಿಲ್ಲ, ಮನೆಗೆ ಬರುವುದಕ್ಕೆ ನಾನು ಬಿಡುತ್ತಿರಲಿಲ್ಲ. ಹಾಗಾಗಿ ಅವರು ಒಂದೇ ಕಾದಂಬರಿಯನ್ನು ಇಬ್ಬರೂ ಓದತೊಡಗಿದರು. ಮನೆಯಿಂದ ಮನೆಗೆ ಅಟ್ಟಿಸಿಕೊಳ್ಳುವ ಹುಡುಗಿ, ಅವಳಿಗೆ ಸಿಕ್ಕ ಗೆಳತಿ, ಇಬ್ಬರೂ ಸೇರಿ ರಿಪೇರಿ ಮಾಡುವ ಒಂದು ಹಳೆಯ ದೋಣಿ, ಅದೇ ಗೋಳು. ಇವಳು ನಾಲ್ಕು ದಿನ ಇಟ್ಟುಕೊಂಡು ಅವರ ಬಾಗಿಲಲ್ಲಿ ಇಟ್ಟು ಬರುತ್ತಿದ್ದಳು, ಅವಳು ಓದಿ ನಮ್ಮ ಬಾಗಿಲಿಗೆ ತಂದಿಡುತ್ತಿದ್ದಳು. ಬಂದ ಪುಸ್ತಕವನ್ನು ನಾನು ರಟ್ಟು ಒರೆಸಿ, ಮೂರು ದಿನ ಗ್ಯಾರೇಜಿನಲ್ಲಿಟ್ಟು, ಆಮೇಲೆ ಮಗಳ ಕೈಗೆ ಕೊಡುವುದು. ಅದು ನನ್ನ ರೂಲ್ಸು. ಓದಿದ ಪುಸ್ತಕವನ್ನೇ ಮತ್ತೆ ಮತ್ತೆ ಯಾಕೆ ಓದುತ್ತಾರೆ ಎಂದು ನಾನು ಕೇಳಲೇ ಇಲ್ಲ. ಹುಡುಗಿ ಸುಮ್ಮನಿದ್ದಾಳಲ್ಲ, ಅಷ್ಟೇ ಸಾಕಾಗಿತ್ತು ನನಗೆ.

ನವರಾತ್ರಿ ಬಂತು. ಸರಸ್ವತಿ ಪೂಜೆಯ ಹಿಂದಿನ ದಿನ ಮಗಳ ಪುಸ್ತಕಗಳನ್ನು ಒಟ್ಟುಮಾಡುತ್ತಾ ಗ್ಯಾರೇಜಿನಲ್ಲಿದ್ದ ಆ ಕಾದಂಬರಿಯನ್ನೂ ತೆಗೆದುಕೊಂಡೆ. ತೆರೆದು ನೋಡಿದೆ. ಪುಟದ ನಾಲ್ಕೂ ಅಂಚಿನಲ್ಲಿ ಪೆನ್ಸಿಲ್ ಬರವಣಿಗೆ, ಮಕ್ಕಳಿಬ್ಬರದೂ. ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಪುಸ್ತಕದಲ್ಲಿ ಗೀಚಿದ್ದಕ್ಕೆ ನನ್ನಮ್ಮ ಬೆನ್ನಿಗೆ ಬಾರಿಸಿದ್ದು ಇವತ್ತಿಗೂ ನೆನಪಿದೆ. ಇಂಥದ್ದನ್ನು ದೇವರ ಮುಂದೆ ಇಡುವುದೇ? ರಬ್ಬರ್ ತೆಗೆದುಕೊಂಡು ಊಟದ ಮೇಜಿನ ಮುಂದೆ ಕೂತೆ. ಒಂದೊಂದೇ ಪುಟ ಅಳಿಸಿದೆ. ಬೆರಳು ನೋವು ಬಂತು, ಮೇಜಿನ ತುಂಬ ರಬ್ಬರಿನ ಪುಡಿ. ಅತ್ತೆ ನೋಡಿ, "ಎಷ್ಟು ಶ್ರದ್ಧೆ ನಿಂಗೆ" ಅಂದರು. ನನಗೂ ಹೆಮ್ಮೆಯಾಯಿತು, ನಾಚಿಕೆಗೆಟ್ಟವಳಿಗೆ.

ಮಾರನೆಯ ದಿನ ಪೂಜೆಯಾದ ಮೇಲೆ ಮಗಳು ಪುಸ್ತಕಗಳ ರಾಶಿಯಲ್ಲಿ ಅದನ್ನು ನೋಡಿದಳು. ಅವಳು ನಮ್ಮ ಹತ್ತಿರ ಮಾತಾಡುವುದೆಲ್ಲ ಇಂಗ್ಲಿಷಿನಲ್ಲೇ. ಇದು ಯಾವಾಗ ಬಂತು, ಈಗಲೇ ಬೇಕು ಎಂದಳು.

"ಪೂಜೆಗೆ ಇಟ್ಟಿದ್ದನ್ನ ಮುಟ್ಟಬಾರದು ಪುಟ್ಟಾ. ವಿಜಯದಶಮಿ ದಿನ ತಗೋ."

ನನ್ನ ಗೆಳತಿ ಕಾಯ್ತಿರ್ತಾಳೆ, ಪ್ಲೀಸ್, ಎಂದಳು.

"ಕಾಯಲಿ ಬಿಡೆ. ಏನು ಪ್ರಪಂಚ ಮುಳುಗಿಹೋಗತ್ತಾ?"

ವಿಜಯದಶಮಿಯ ದಿನ ಪುಸ್ತಕ ಕೈಗೆ ಬಂತು. ತೆರೆದವಳು ಪುಟ ತಿರುಗಿಸುತ್ತಲೇ ಹೋದಳು. ಮೊದಲ ಪುಟದಲ್ಲಿ, ‘ಸಾರಿ, ಅಮ್ಮ ಎಲ್ಲ ಅಳಿಸಿಬಿಟ್ಟಳು’ ಎಂದು ಬರೆದು, ಹೋಗಿ ಆ ಮನೆಯ ಬಾಗಿಲಲ್ಲಿ ಇಟ್ಟು ಬಂದಳು. ಪುಸ್ತಕ ವಾಪಸು ಬರಲಿಲ್ಲ. ಎರಡು ವಾರಕ್ಕೆ ಆ ಮನೆಯ ತಾಯಿ ಮಗಳು ಇಬ್ಬರೂ ಮನೆ ಬಿಟ್ಟು ಹೋದರೆಂದು ಬೀದಿಯವರು ಹೇಳಿದರು. ಬರೆದದ್ದೆಲ್ಲ ಹೋಯಿತೆಂದು ಗೆಳತಿಗೆ ಸಿಟ್ಟು ಬಂದಿದೆ ಎಂದು ಮಗಳು ತಿಳಿದಳು. ಆಮೇಲೆ ಅವಳು ಯಾರನ್ನೂ ಹತ್ತಿರ ಸೇರಿಸಲಿಲ್ಲ. ಮಿಡಲ್ ಸ್ಕೂಲ್ ಪೂರ್ತಿ ಒಬ್ಬಳೇ ಕೂತು ಊಟ ಮಾಡಿದಳು. ಕೌನ್ಸೆಲರ್ ಕರೆದು ಹೇಳಿದಾಗ ನಾನು, ಅವಳ ಸ್ವಭಾವವೇ ಹಾಗೆ ಎಂದೆ.

ಕಳೆದ ಬೇಸಿಗೆಯಲ್ಲಿ ಆ ಹುಡುಗಿ ಇಂಟರ್ನೆಟ್ಟಿನಲ್ಲಿ ಮಗಳನ್ನು ಹುಡುಕಿ ಮೆಸೇಜ್ ಮಾಡಿದಳು. ಸ್ಯಾನ್ ಡಿಯಾಗೊ ಕಡೆ ಚಿಕ್ಕಮ್ಮನ ಮನೆಯಲ್ಲಿದ್ದೇವೆ, ಕಾರ್ಲ್ಸ್‌ಬಾಡ್‌ನಲ್ಲಿ ಸಿಗೋಣ ಎಂದಳು. ಮಗಳಿಗೆ ಇನ್ನೂ ಒಬ್ಬಳೇ ಡ್ರೈವ್ ಮಾಡುವ ಹಾಗಿರಲಿಲ್ಲ, ನಾನೂ ಹೋದೆ. ಸಮುದ್ರದ ಹತ್ತಿರ ಒಂದು ಕಾಫಿ ಅಂಗಡಿ. ಹುಡುಗಿ ಎತ್ತರವಾಗಿದ್ದಳು. "ಹಲೋ ಆಂಟಿ" ಎಂದಳು, ಮರೆತಿರಲಿಲ್ಲ. ಬ್ಯಾಗಿನಿಂದ ಆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

ನಂಗೆ ಸಿಟ್ಟಿಲ್ಲ, ಎಂದಳು ಮಗಳಿಗೆ. ನಾನು ಕೇಳಿದ್ದನ್ನ ನಿಮ್ಮಮ್ಮ ಅಳಿಸಿದರು ಅಂದರೆ ಆಗಲ್ಲ ಅಂತಲೇ ಅಲ್ವಾ, ನೀನು ಸಾರಿ ಅಂದೆ. ನೀನಾದರೂ ಏನು ಮಾಡ್ತಿದ್ದೆ?

ನೀನು ಏನು ಕೇಳಿದ್ದೆ, ಎಂದಳು ಮಗಳು.

ಹುಡುಗಿ ಒಂದು ಪುಟ ತೆಗೆದು ಅಂಚಿನ ಮೇಲೆ ಮಗಳ ಬೆರಳನ್ನು ಇಡಿಸಿದಳು. ಪೆನ್ಸಿಲ್ ಒತ್ತಿ ಬರೆದಿದ್ದಳು, ರಬ್ಬರ್ ತಿಕ್ಕಿದರೂ ಹಾಳೆಯಲ್ಲಿ ಗುರುತು ಉಳಿದಿತ್ತು. ಮಗಳು ತಡವರಿಸುತ್ತಾ ಓದಿದಳು. ‘ಅಪ್ಪ ಅಮ್ಮನಿಗೆ ಹೊಡೆದ. ಭಯ ಆಗ್ತಿದೆ. ನಿಮ್ಮನೆಗೆ ಬರಲಾ? ಆಂಟಿನ ಕೇಳು.’

ಮನೆ ಬಿಟ್ಟ ಮೇಲೆ ಅವರು ತಾಯಿ ಮಗಳು ಎಂಟು ದಿನ ಕಾರಿನಲ್ಲೇ ಇದ್ದರಂತೆ. ಇದನ್ನೆಲ್ಲ ಆ ಹುಡುಗಿ ಹವಾಮಾನದ ಮಾತಾಡುವ ಹಾಗೆ ಹೇಳಿದಳು. ನನ್ನ ಕಾಫಿ ತಣ್ಣಗಾಯಿತು. ಪುಸ್ತಕ ನೀನೇ ಇಟ್ಟುಕೋ ಎಂದು ಅವಳು ಮಗಳಿಗೆ ಕೊಟ್ಟಳು.

ವಾಪಸು ಬರುವಾಗ ಫ್ರೀವೇಯಲ್ಲಿ ಮಗಳೇ ಡ್ರೈವ್ ಮಾಡುತ್ತಿದ್ದಳು. ಓಷನ್‌ಸೈಡ್ ದಾಟಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, ನೀನು ಅದನ್ನ ಓದಿದ್ಯಾ ಎಂದಳು.

ಐದು ವರ್ಷ ನನಗೆ ನಾನೇ ಹೇಳಿಕೊಂಡ ಸುಳ್ಳು ಬಾಯಿಗೆ ಬಂದಿತ್ತು. ಕಾದಂಬರಿಯ ಹುಡುಗಿಯ ಮಾತೇನೋ ಅಂದುಕೊಂಡೆ, ಮಕ್ಕಳ ಆಟ ಅಂದುಕೊಂಡೆ, ಓದದೆ ಅಳಿಸಿದೆ. ಯಾವುದೂ ನಿಜವಲ್ಲ. ಆ ಕೂಗಾಟ ನನ್ನ ಕಿವಿಗೂ ಬಿದ್ದಿತ್ತು. ಆ ಸಾಲು ಓದಿದ ಕ್ಷಣ ಗೊತ್ತಾಗಿತ್ತು. ಮಗಳು ನೋಡಿದರೆ ಕೇಳುತ್ತಾಳೆ, ಕೇಳಿದರೆ ಇಲ್ಲ ಅನ್ನಬೇಕಾಗುತ್ತದೆ. ಮನೆಯಲ್ಲಿ ಅತ್ತೆ, ಹೊರಗೆ ಕೊರೋನಾ, ಆ ಅಪ್ಪ ನಮ್ಮ ಬಾಗಿಲಿಗೆ ಬಂದರೆ ಏನು ಗತಿ? ಅದಕ್ಕೇ ಎಲ್ಲಕ್ಕಿಂತ ಮೊದಲು ಆ ಸಾಲನ್ನು ಅಳಿಸಿದೆ. ಮಿಕ್ಕದ್ದನ್ನು ಅಳಿಸಿದ್ದು ಅದು ಗೊತ್ತಾಗದಿರಲಿ ಎಂದು. ಸರಸ್ವತಿ ಆಮೇಲೆ ಬಂದಳು.

"ಓದಿದ್ದೆ ಕಣೆ," ಎಂದೆ.

ಅವಳು ಮನೆ ಸೇರುವವರೆಗೂ ಎರಡೂ ಕೈ ಸ್ಟೀರಿಂಗಿನ ಮೇಲೆ ಇಟ್ಟುಕೊಂಡೇ ಇದ್ದಳು. ಆ ಬೇಸಿಗೆಯೆಲ್ಲ ನನಗೆ ಸಿಕ್ಕಿದ್ದು ಬರೀ ‘ಓಕೆ’ ಮತ್ತು ‘ನೋ’.

ಮತ್ತೆ ನವರಾತ್ರಿ ಬಂತು. ಎಂದಿನಂತೆ ಮಗಳ ರೂಮಿನ ಬಾಗಿಲ ಬಳಿ ನಿಂತು, ಪೂಜೆಗೆ ಒಂದಾದರೂ ಪುಸ್ತಕ ಕೊಡು ಎಂದೆ. ಕೊಡುವುದಿಲ್ಲ ಅಂದುಕೊಂಡಿದ್ದೆ. ಅವಳು ಎದ್ದು ಶೆಲ್ಫಿನಿಂದ ಅದನ್ನೇ ತಂದಳು, ನನ್ನ ಕೈಯಲ್ಲಿಟ್ಟು ಕನ್ನಡದಲ್ಲಿ ಹೇಳಿದಳು, ಯಾವ ಸಂಶಯಕ್ಕೂ ಜಾಗ ಬಿಡದ ಹಾಗೆ.

"ಇದನ್ನ ಇಡಮ್ಮ. ಕ್ಲೀನಾಗಿದೆ."