ಹುಲಿಗೆಮ್ಮನಿಗೆ ನಾನು ಕಲಿಸಿದ ಭೂತಕಾಲ

ಹುಲಿಗೆಮ್ಮ ಅಂದು ಬೋರ್ಡಿನ ಮೇಲೆ ಬರೆದ ತಪ್ಪು ಅವಳದಲ್ಲ, ನನ್ನದು. ಸರಿಯಾದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಹೇಳಿಕೊಟ್ಟೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಈ ಬೇಸಿಗೆಯವರೆಗೆ ಯಾರ ಮುಂದೆಯೂ ಇದನ್ನು ಬಾಯಿಬಿಟ್ಟಿರಲಿಲ್ಲ.

ನಾವಿಬ್ಬರೂ ಬಳ್ಳಾರಿಯಲ್ಲಿ ಬಿ.ಎಡ್. ಓದುವಾಗ ಒಂದೇ ಕೋಣೆಯಲ್ಲಿದ್ದೆವು. ನಾನು ಸಂಡೂರಿನವಳು, ಅವಳು ಕಂಪ್ಲಿಯವಳು. ಅವಳ ಇಂಗ್ಲಿಷಿನಲ್ಲಿ ಅಲ್ಲಲ್ಲಿ ತೊಡಕಿತ್ತು, ನಿಜ. ಆದರೆ ಪಾಠ ಮಾಡಲು ನಿಂತರೆ ಮಕ್ಕಳು ಅವಳನ್ನು ಬಿಟ್ಟು ಬೇರೆ ಕಡೆ ನೋಡುತ್ತಿರಲಿಲ್ಲ. ನಾನು ವ್ಯಾಕರಣ ಬಲ್ಲವಳು. ನನ್ನ ತರಗತಿಯಲ್ಲಿ ಮಕ್ಕಳು ಆಕಳಿಸುತ್ತಿದ್ದರು. ಅದನ್ನು ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ, ಆದರೆ ಒಳಗೆ ಸುಮ್ಮನಿರಲಿಲ್ಲ.

ಹೊಸಪೇಟೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕಿಯ ಒಂದೇ ಒಂದು ಹುದ್ದೆ ಖಾಲಿಯಿತ್ತು. ಇಬ್ಬರಿಗೂ ಒಂದೇ ದಿನ ಕರೆ ಬಂತು. ಒಂಬತ್ತನೆಯ ತರಗತಿಯ ಮಕ್ಕಳಿಗೆ, ಮುಖ್ಯೋಪಾಧ್ಯಾಯರು ಮತ್ತು ಆಡಳಿತ ಮಂಡಳಿಯವರ ಎದುರು, ಕ್ರಿಯಾಪದಗಳ ಭೂತಕಾಲದ ರೂಪಗಳನ್ನು ಪಾಠ ಮಾಡಿ ತೋರಿಸಬೇಕಿತ್ತು. ಮೊದಲು ಅವಳು, ಆಮೇಲೆ ನಾನು. ನನಗೆ ಆ ಕೆಲಸ ಬೇಕಿತ್ತು. ಯಾಕೆ ಅಷ್ಟೊಂದು ಬೇಕಿತ್ತೆಂದು ಬರೆಯಲು ಹೊರಟರೆ ಅದೊಂದು ನೆಪವಾಗುತ್ತದೆ — ಬಿಡಿ.

ಅಂದು ಬೆಳಿಗ್ಗೆ ಹೊಸಪೇಟೆಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಬ್ಬರೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತಿನ್ನುತ್ತ ಕುಳಿತಿದ್ದೆವು. ಅವಳು ತಟ್ಟೆ ಪಕ್ಕಕ್ಕಿಟ್ಟು ಕೇಳಿದಳು:

"ರತ್ನಾ, ಲೈ ಅಂದ್ರ ಮಲಗೋದು ಐತಲ್ಲ, ಅದರ ಪಾಸ್ಟ್ ಟೆನ್ಸ್ ಏನು? 'ಲೇ' ಅಂತ ಎಲ್ಲೋ ಓದಿದಂಗ ನೆನಪು. ಆದ್ರ 'ಲೇ' ಅಂದ್ರ ಕೋಳಿ ತತ್ತಿ ಇಡೋದು ಅಲ್ಲೇನ?"

ಅವಳು ಸರಿಯಾದ ಉತ್ತರದ ಹೊಸ್ತಿಲಲ್ಲೇ ನಿಂತಿದ್ದಳು. ಲೈ, ಲೇ, ಲೇನ್ — ಇಷ್ಟು ಹೇಳಿದ್ದರೆ ಸಾಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಲೈ, ಲೈಡ್, ಲೈಡ್."

"ಅದು ಸುಳ್ಳು ಹೇಳೋದಕ್ಕಲ್ಲೇನ?"

"ಎರಡಕ್ಕೂ ಅದ," ಎಂದೆ.

ಒಂದು ಸಲ ಬಾಯಿ ತಪ್ಪಿತು ಎನ್ನಬಹುದಿತ್ತು. ಆದರೆ ಅವಳು ಅನುಮಾನಪಟ್ಟು ಕೇಳಿದಾಗಲೂ ಅದನ್ನೇ ಹೇಳಿದೆ. ಶಾಲೆಯವರೆಗೆ ಆಟೋದಲ್ಲಿ ಪಕ್ಕ ಪಕ್ಕ ಕುಳಿತು ಹೋದೆವು. ಅವಳು ತುಟಿ ಅಲುಗಿಸುತ್ತ ನಾನು ಹೇಳಿದ್ದನ್ನೇ ಬಾಯಿಪಾಠ ಮಾಡುತ್ತಿದ್ದಳು. ಆಗಲಾದರೂ ತಿದ್ದಬಹುದಿತ್ತು... ನಾನು ರಸ್ತೆ ನೋಡುತ್ತಿದ್ದೆ.

ಅವಳು ಒಳಗೆ ಹೋದಳು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಮೊದಮೊದಲು ಮಕ್ಕಳು ಒಟ್ಟಾಗಿ ಉತ್ತರ ಹೇಳುವ ಸದ್ದು ಕೇಳುತ್ತಿತ್ತು. ಪಾಠ ಚೆನ್ನಾಗಿಯೇ ನಡೆದಿತ್ತು. ಆಮೇಲೆ ನಗು. ದೊಡ್ಡವರ ನಗು ಮೊದಲು, ಅವರನ್ನು ನೋಡಿ ಮಕ್ಕಳದು. ಅದಾದ ಮೇಲೆ ಅವಳ ದನಿ ತಡವರಿಸಿತು, ಮಾತು ಮಾತಿಗೂ ಮಕ್ಕಳು ನಗತೊಡಗಿದರು. ಅವಳು ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ನನ್ನ ನಾಲಿಗಿಗೆ ನಕ್ಕರು, ರತ್ನಾ. ಹಳ್ಳಿ ನಾಲಿಗಿ."

ಯಾಕೆ ನಕ್ಕರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ನನ್ನ ಸರದಿ ಬಂದು ಒಳಗೆ ಹೋದಾಗ ಅವಳ ದುಂಡಗಿನ ಅಕ್ಷರ ಬೋರ್ಡಿನ ಮೇಲೆ ಹಾಗೇ ಇತ್ತು — ದಿ ಓಲ್ಡ್ ಮ್ಯಾನ್ ಲೈಡ್ ಆನ್ ದ ಕಾಟ್. ಮುದುಕ ಮಂಚದ ಮೇಲೆ ಮಲಗಿದ ಎಂದು ಅವಳು ಬರೆದದ್ದು. ಓದಿದವರಿಗೆ ಕಂಡದ್ದು, ಮುದುಕ ಮಂಚದ ಮೇಲೆ ಸುಳ್ಳು ಹೇಳಿದ ಎಂದು. ಡಸ್ಟರ್ ತೆಗೆದುಕೊಂಡು ಅಳಿಸಿದೆ. ಅದೇ ಜಾಗದಲ್ಲಿ ಸರಿಯಾದದ್ದನ್ನು ಬರೆದೆ. ಮುಖ್ಯೋಪಾಧ್ಯಾಯರು ತಲೆದೂಗಿದರು.

ಕೆಲಸ ನನಗೆ ಸಿಕ್ಕಿತು. ಇಂದಿಗೂ ಅಲ್ಲೇ ಇದ್ದೇನೆ.

ಹುಲಿಗೆಮ್ಮ ಮತ್ತೆ ಯಾವ ಶಾಲೆಗೂ ಅರ್ಜಿ ಹಾಕಲಿಲ್ಲ. ಇಂಗ್ಲಿಷ್ ಪುಸ್ತಕ ಒಮ್ಮೆಯಾದರೂ ತೆರೆದಿದ್ದರೆ ಎಲ್ಲಿ ಎಡವಿದೆನೆಂದು ಅವಳಿಗೇ ತಿಳಿಯುತ್ತಿತ್ತು. ತೆರೆಯಲೇ ಇಲ್ಲ. ಕಂಪ್ಲಿಯಲ್ಲೇ ಮದುವೆಯಾಯಿತು. ಗಂಡನ ಹಿಟ್ಟಿನ ಗಿರಣಿಯನ್ನು ಅವಳೇ ನೋಡಿಕೊಳ್ಳುತ್ತಾಳೆ, ಚೆನ್ನಾಗಿಯೇ ನಡೆಸುತ್ತಾಳೆ. ನನ್ನ ಮೇಲೆ ಅವಳಿಗಿದ್ದ ಪ್ರೀತಿಯೂ ಹಾಗೇ ಉಳಿಯಿತು; ಅದೇ ನನಗೆ ಕಷ್ಟವಾಗುತ್ತಿದ್ದದ್ದು. ಮಗಳು ಸವಿತಾ ದೊಡ್ಡವಳಾದಾಗ ಹೊಸಪೇಟೆಯಲ್ಲಿದ್ದ ಸೋದರತ್ತೆಯ ಮನೆಯಲ್ಲಿಟ್ಟು ನಮ್ಮ ಶಾಲೆಗೇ ಸೇರಿಸಿದಳು. "ನೀ ಇದ್ದೀಯಲ್ಲ, ಅದಕ್ಕ," ಎಂದಳು.

ಸವಿತಾ ಈ ವರ್ಷ ಪಿಯುಸಿ ಮುಗಿಸಿದಳು. ಒಂದು ಸಂಜೆ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದಳು:

"ಮಿಸ್, ನಾ ಇಂಗ್ಲಿಷ್ ತಗೊಂಡು ಬಿ.ಎ. ಮಾಡಬೇಕಂತೀನ್ರಿ. ಅವ್ವ ಬ್ಯಾಡ ಅಂತಾಳ. ನಮ್ಮ ಮನಿಯವರ ನಾಲಿಗಿಗೆ ಅದು ಒಗ್ಗಂಗಿಲ್ಲ, ನಾಲ್ಕು ಮಂದಿ ಮುಂದ ನಗಸ್ಕೊಂಡು ಬರ್ತಿ ಅಂತಾಳ. ನೀವ ಒಂದು ಮಾತು ಹೇಳ್ರಿ, ನಿಮ್ಮ ಮಾತು ಕೇಳ್ತಾಳ."

ನನ್ನ ಮಾತು ಕೇಳುತ್ತಾಳೆ — ಹೌದು, ಕೇಳಿದ್ದಳು.

ಮರುದಿನ ಕಂಪ್ಲಿಗೆ ಹೋದೆ. ಕರೆಂಟ್ ಹೋಗಿ ಗಿರಣಿ ನಿಂತಿತ್ತು. ಹುಲಿಗೆಮ್ಮ ಸೆರಗಿನಿಂದ ಸ್ಟೂಲಿನ ಮೇಲಿನ ಹಿಟ್ಟು ಒರೆಸಿ, "ಬಾ, ಕುಂದ್ರು, ಭಾಳ ದಿನ ಆತು," ಎಂದಳು. ನಾನು ಕುಳಿತುಕೊಳ್ಳಲಿಲ್ಲ. ಕುಳಿತರೆ ಬೇರೆ ಮಾತು ಶುರುವಾಗುತ್ತದೆಂದು ಗೊತ್ತಿತ್ತು. ನಿಂತೇ ಎಲ್ಲವನ್ನೂ ಹೇಳಿದೆ: ಅವಳು ಕೇಳಿದ್ದು, ನಾನು ಹೇಳಿದ್ದು, ಬೋರ್ಡಿನ ಮೇಲಿದ್ದದ್ದು, ಅವರು ನಕ್ಕದ್ದು ಯಾತಕ್ಕೆ ಎನ್ನುವುದು.

ಅವಳು ಅದೇ ಸ್ಟೂಲನ್ನು ಸೆರಗಿನಿಂದ ಮತ್ತೊಮ್ಮೆ ಒರೆಸಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಹಂಗಾರ ನನ್ನ ನಾಲಿಗಿಗಲ್ಲ ಅವ್ರು ನಕ್ಕಿದ್ದು?"

"ಅಲ್ಲ."

"ನೀ ಹೊರಗ ಕುಂತಿದ್ದೆಲ್ಲ. ನಗೋದು ಕೇಳಿಸಿತ್ತೇನ?"

"ಕೇಳಿಸಿತ್ತು."

"ಮತ್ತ ನಾ ಹೊರಗ ಬಂದಾಗ ನನ್ನ ತಬ್ಕೊಂಡಿ."

ಇದನ್ನು ನಾನು ಮೇಲೆ ಬರೆಯದೆ ಬಿಟ್ಟಿದ್ದೇನೆ — ಬೇಕೆಂದೇ ಬಿಟ್ಟೆನೋ ಏನೋ. ಹೌದು, ತಬ್ಬಿಕೊಂಡಿದ್ದೆ. ಬೆನ್ನು ಸವರಿ, ಅಳಬೇಡ ಎಂದಿದ್ದೆ.

"ತಪ್ಪು ಹೇಳಿಕೊಟ್ಟಿ, ಇರಲಿ," ಎಂದಳು. "ಆ ವಯಸ್ಸಿನಾಗ ನನಗೂ ಹೊಟ್ಟಿಕಿಚ್ಚು ಇತ್ತು. ಆದ್ರ ತಬ್ಕೋಬಾರದಿತ್ತು ನೀ."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

"ಸವಿತಾಗ ಇದೆಲ್ಲ ನಾನ ಹೇಳ್ತೀನಿ. ನೀ ಹೇಳಬ್ಯಾಡ. ನೀ ಹೇಳಿದ್ರ ಅತ್ತುಗಿತ್ತು ಅಕಿ ಮನಸ್ಸು ಕರಗಿಸ್ತಿ. ಹೋಗಿ ಬಾ."

ಅಷ್ಟರಲ್ಲಿ ಕರೆಂಟ್ ಬಂತು. ಅವಳು ಗಿರಣಿಯ ಸ್ವಿಚ್ ಹಾಕಿ, ಹೊರಗೆ ಕಾಯುತ್ತ ನಿಂತಿದ್ದವರ ಡಬ್ಬಿ ತೆಗೆದುಕೊಂಡಳು. ನಾನು ಹೊರಟೆ.

ಸವಿತಾ ಇಂಗ್ಲಿಷ್ ತೆಗೆದುಕೊಂಡೇ ಹೊಸಪೇಟೆಯ ಕಾಲೇಜಿಗೆ ಸೇರಿದಳೆಂದು ಅವಳ ಗೆಳತಿಯರಿಂದ ತಿಳಿಯಿತು. ತಾಯಿಯೇ ಜೊತೆಗೆ ಬಂದು ಸೇರಿಸಿ ಹೋದಳಂತೆ. ನನಗೆ ಫೋನ್ ಬರಲಿಲ್ಲ. ಬರಬೇಕೆಂದು ಬಯಸುವ ಹಕ್ಕು ನನಗಿಲ್ಲ.

ಹೋದ ವಾರ ಮಾರುಕಟ್ಟೆಯ ಹತ್ತಿರ ಸವಿತಾ ಎದುರಾದಳು. ಮೊದಲಾದರೆ ದೂರದಿಂದಲೇ "ಮಿಸ್" ಎಂದು ಕೂಗಿ ಓಡಿ ಬಂದು ಕೈ ಹಿಡಿಯುತ್ತಿದ್ದವಳು. ಈಗ ನಿಂತು, "ನಮಸ್ಕಾರ್ರಿ," ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ನಾನೂ ಕೈ ಮುಗಿದೆ. ಅವಳು ನನ್ನನ್ನು ದಾಟಿ ಮುಂದೆ ನಡೆದಳು. ಕರೆದು ನಿಲ್ಲಿಸಬೇಕೆಂದು ಬಹಳ ಅನ್ನಿಸಿತು. ಕರೆಯಲಿಲ್ಲ.